ಯಾರ ಮನೆಯ ಕಂಬ?

ಹುತ್ರಿದುರ್ಗ ನಮ್ಮದು, ಶಿರಾದ ಅರಮನೆ ಅವರದು. ಓದು ಬರಹ ಬಲ್ಲವರ ಬಾಯಲ್ಲೇ ಈ ಮಾತನ್ನು ಕೇಳಿದ್ದೇನೆ. ಒಂದೇ ಜಿಲ್ಲೆಯ ಎರಡು ಊರುಗಳನ್ನು ಹೀಗೆ ಪಾಲು ಮಾಡುವುದೆಂದರೆ ಅಣ್ಣತಮ್ಮಂದಿರು ಹಜಾರದ ನಡುವೆ ಗೋಡೆ ಎಬ್ಬಿಸಿದ ಹಾಗೆ. ಆಮೇಲೆ ಆ ಕಡೆ ಮಾಡು ಸೋರಿದರೆ ಈ ಕಡೆಯವರು ತಲೆಯೆತ್ತಿಯೂ ನೋಡುವುದಿಲ್ಲ.

ನಮ್ಮದೆನ್ನುವ ಬೆಟ್ಟವನ್ನೇ ಮೊದಲು ನೋಡೋಣ. ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಕೋಟೆ ಕೆಂಪೇಗೌಡ ಕಟ್ಟಿಸಿದ್ದು. ಸುತ್ತಿನ ಮೇಲೆ ಸುತ್ತು ಕಲ್ಲಿನ ಗೋಡೆ, ಮೇಲೆ ಶಂಕರೇಶ್ವರನ ಗುಡಿ. 1728ರಲ್ಲಿ ಮಾಗಡಿ ಸೀಮೆ ಮೈಸೂರಿನವರ ಕೈಸೇರಿತು. 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಸಾವನದುರ್ಗವನ್ನು ಹಿಡಿದು ಇಲ್ಲಿಗೆ ಬಂದಾಗ ಕೋಟೆ ಕಾಯುತ್ತಿದ್ದವರು ಟಿಪ್ಪುವಿನ ಸಿಪಾಯಿಗಳು. ಆ ದಿನ ಕೋಟೆ ಯಾರದಾಗಿತ್ತು?

ಇನ್ನು ಶಿರಾ. ಅಲ್ಲಿನ ಕೋಟೆಯನ್ನು ಶುರು ಮಾಡಿದವನು ರತ್ನಗಿರಿಯ ಪಾಳೆಯಗಾರ ರಂಗಪ್ಪನಾಯಕ. ಅದು ಮುಗಿಯುವ ಮೊದಲೇ ಬಿಜಾಪುರದ ರಣದುಲ್ಲಾಖಾನ ಊರನ್ನು ಗೆದ್ದ. ಕೋಟೆಯನ್ನು ಪೂರೈಸಿದವನು ಮಲಿಕ್ ಹುಸೇನ್. 1687ರಲ್ಲಿ ಮೊಗಲರು ಅದನ್ನು ತಮ್ಮ ಪ್ರಾಂತ್ಯದ ರಾಜಧಾನಿ ಮಾಡಿಕೊಂಡರು. ಮುಂದೆ ದಿಲಾವರ್ ಖಾನ್ ಅಲ್ಲೊಂದು ಅರಮನೆ ಕಟ್ಟಿಸಿದ. ಬೆಂಗಳೂರು, ಶ್ರೀರಂಗಪಟ್ಟಣಗಳಲ್ಲಿ ಹೈದರ್ ಮತ್ತು ಟಿಪ್ಪು ಕಟ್ಟಿಸಿದ ಅರಮನೆಗಳಿಗೆ ಅದೇ ಮಾದರಿಯಾಯಿತೆಂದು ರೈಸ್ ಸಾಹೇಬರ ಗೆಜೆಟಿಯರ್ ಹೇಳುತ್ತದೆ.

ಅದು ಪರ್ಷಿಯಾದ ಶೈಲಿ, ನಮ್ಮದಲ್ಲ ಎನ್ನುವವರುಂಟು. ನಂಟು ಇರುವುದು ನಿಜವೇ. ಇಸ್ಫಹಾನಿನಲ್ಲಿ ಎರಡನೆಯ ಷಾ ಅಬ್ಬಾಸನ ಕಾಲಕ್ಕೆ, 1647ರಲ್ಲಿ ಮುಗಿದ ಚೆಹೆಲ್ ಸೊತೂನ್ ಎಂಬ ಅರಮನೆಯಿದೆ. ಹೆಸರಿನ ಅರ್ಥ ನಲವತ್ತು ಕಂಬ. ಮುಂದಿನ ಪಡಸಾಲೆಯಲ್ಲಿರುವುದು ಇಪ್ಪತ್ತೇ ಮರದ ಕಂಬ, ಉಳಿದ ಇಪ್ಪತ್ತು ಎದುರಿನ ಕೊಳದ ನೀರಿನಲ್ಲಿ ಕಾಣುವ ನೆರಳು. ಸುತ್ತ ತೋಟ, ಒಳಗೆ ಗೋಡೆಗಳ ಮೇಲೆ ಯುದ್ಧದ ಚಿತ್ರ. ಈಗ 1784ರ ದರಿಯಾ ದೌಲತ್ತನ್ನು ನೆನಪಿಸಿಕೊಳ್ಳಿ. ತೋಟದ ನಡುವೆ ಅದೇ ಮರದ ಕಂಬಗಳ ಸಾಲು. ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧ. ದೂರದ ನೆಂಟರ ಮನೆಯ ಮಗುವಿನಲ್ಲಿ ನಮ್ಮ ಅಜ್ಜಿಯ ಮೂಗು ಕಂಡ ಹಾಗೆ!

ಆದರೆ ನಂಟು ಇದ್ದ ಮಾತ್ರಕ್ಕೆ ಪರಕೀಯವೆ? ಬಾಗಿಲಿಗೆ ಪರದೆ ಕಟ್ಟುತ್ತೇವೆ, ಮೇಜಿನ ಮೇಲೆ ಪುಸ್ತಕ ಇಡುತ್ತೇವೆ, ಮುಡಿಗೆ ಗುಲಾಬಿ ಮುಡಿಯುತ್ತೇವೆ. ಪರದೆ, ಮೇಜು, ಗುಲಾಬಿ ಮೂರೂ ಪಾರಸಿಯಿಂದ ಬಂದ ಮಾತುಗಳೇ. ಇವನ್ನು ಹೊರಗೆ ಹಾಕಿ ಸಂಸಾರ ಮಾಡಬಲ್ಲವರು ಮುಂದೆ ಬರಲಿ. ಸೊಸೆ ಬೇರೆ ಊರಿನಿಂದಲೇ ಬರುತ್ತಾಳೆ. ಮೂವತ್ತು ವರ್ಷ ಒಲೆ ಹಚ್ಚಿದವಳನ್ನು ಇನ್ನೂ ಹೊರಗಿನವಳು ಎನ್ನುವ ಮನೆಗೆ ಏಳಿಗೆಯಿಲ್ಲವೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ದಿಲಾವರ್ ಖಾನನ ಅರಮನೆ ಇಂದು ಉಳಿದಿಲ್ಲ. ಶ್ರೀರಂಗಪಟ್ಟಣದ ಗಂಜಾಮಿಗೆ ಜನ ಬೇಕೆಂದು ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿಕೊಂಡು ಹೋದನೆಂದು ಅದೇ ಗೆಜೆಟಿಯರ್‌ನಲ್ಲಿದೆ. ಅರಮನೆಯ ಮಾದರಿ ಹೋದ ದಾರಿಯಲ್ಲೇ ಊರಿನ ಜನವೂ ಹೋದರು. ಇದನ್ನೂ ಮುಚ್ಚಿಡಬಾರದು. ಮನೆ ಬೀಳಲು ಫಿರಂಗಿಯೇ ಬೇಕಿಲ್ಲ. ವರ್ಷಕ್ಕೊಮ್ಮೆ ಸುಣ್ಣ ಬಳಿಯುವವರು, ಗೆದ್ದಲು ಕೊಡಹುವವರು, ಹೆಂಚು ಕೈಯಾಡಿಸುವವರು ಇಲ್ಲವಾದರೆ ಸಾಕು. ಕಲ್ಲಿನ ಕೋಟೆ ಅಸಡ್ಡೆಯನ್ನು ತಾಳಿಕೊಳ್ಳುತ್ತದೆ. ಮರದ ಕಂಬ ತಾಳಿಕೊಳ್ಳುವುದಿಲ್ಲ.

ಶಿರಾದಲ್ಲಿ 1651ರ ಮಲಿಕ್ ರಿಹಾನನ ಗೋರಿ, 1696ರ ಜುಮ್ಮಾ ಮಸೀದಿ, ಕೋಟೆ ಇನ್ನೂ ನಿಂತಿವೆ. ಮಕ್ಕಳನ್ನು ಹುತ್ರಿದುರ್ಗ ಹತ್ತಿಸುವ ತಾಯಂದಿರು ಅಲ್ಲಿಗೂ ಕರೆದೊಯ್ಯಲಿ. ಇದು ಯಾರದು ಎಂದು ಮಗು ಕೇಳಿದರೆ, ಇನ್ನು ಮೇಲೆ ನೋಡಿಕೊಳ್ಳುವವರದು ಎನ್ನಿ.