ಕಚೇರಿಯ ದೀಪವನ್ನು ಆರಿಸುವವರಾರು?

ಮನೆಯಲ್ಲಿ ಬರಿದೆ ಉರಿಯುವ ದೀಪವನ್ನು ಕಂಡೊಡನೆ ಆರಿಸುವ ನಾವು, ಸರಕಾರಿ ಕಚೇರಿಯಲ್ಲಿ ಅದನ್ನು ಕಂಡೂ ಕಾಣದವರಂತೆ ಸಾಗುತ್ತೇವೆ. ಇದು ದುರ್ಬುದ್ಧಿಯಲ್ಲ, ಅಲ್ಲಿ ಸ್ವಿಚ್ಚು ಹಾಕುವವರೊಬ್ಬರು, ಬಿಲ್ಲು ನೋಡುವವರಿನ್ನೊಬ್ಬರು, ಹಣ ತೆರುವವರು ಸಾರ್ವಜನಿಕರು.

2001ರಲ್ಲಿ ಇಂಧನ ಸಂರಕ್ಷಣಾ ಕಾಯಿದೆ ಬಂದಿತು. ಪ್ರತಿವರ್ಷ ಡಿಸೆಂಬರ್ 14ರಂದು ಇಂಧನ ಸಂರಕ್ಷಣಾ ದಿನದ ಭಾಷಣ, ಪ್ರತಿಜ್ಞೆಗಳು ನಡೆಯುತ್ತವೆ. ಮರುದಿನ ಖಾಲಿ ಕೋಣೆಯಲ್ಲಿ ಪಂಖ ಎಂದಿನಂತೆ ತಿರುಗುತ್ತಿರುತ್ತದೆ.

ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯುಳ್ಳ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯನ್ನು ನೋಡಿರಿ. ಲೀಟರ್ ಡೀಸೆಲ್ಲಿಗೆ ಬಸ್ಸು ಎಷ್ಟು ಕಿಲೋಮೀಟರ್ ಓಡಿತೆಂಬ ಲೆಕ್ಕ ಅಲ್ಲಿದೆ. ಕಚೇರಿಯ ನೌಕರನಿಗೆ ಅಂಥ ಲೆಕ್ಕವನ್ನು ತೋರಿಸುವವರು ವಿರಳ. 75 ವ್ಯಾಟಿನ 20 ಪಂಖಗಳು ಊಟದ ಒಂದು ಗಂಟೆ ವ್ಯರ್ಥವಾಗಿ ತಿರುಗಿದರೆ ಒಂದೂವರೆ ಯೂನಿಟ್. 250 ದಿನಗಳಿಗೆ 375 ಯೂನಿಟ್!

ಎಲ್‌ಇಡಿ ದೀಪ ಹಾಕಿದರೆ ಸಾಕು, ಉಪದೇಶ ಬೇಡವೆನ್ನುವವರುಂಟು. ಆದರೆ ಮಿತವ್ಯಯದ ದೀಪವೂ ಜನರಿಲ್ಲದಲ್ಲಿ ಉರಿದರೆ ಅಪವ್ಯಯವೇ ಸರಿ.

ಆದುದರಿಂದ ಪ್ರತಿ ತಿಂಗಳ ಬಿಲ್ಲನ್ನು, ಹಿಂದಿನ ವರ್ಷದ ಅದೇ ತಿಂಗಳ ಬಿಲ್ಲಿನೊಡನೆ, ಎಲ್ಲ ಸಿಬ್ಬಂದಿಗೂ ಕಾಣುವಂತೆ ಫಲಕಕ್ಕೆ ಹಚ್ಚಬೇಕು. ಪ್ರತಿ ಕೋಣೆಗೂ ಒಬ್ಬರು ಹೊಣೆಗಾರರಿರಬೇಕು. ಮೇಲಧಿಕಾರಿಗಳು ತಮ್ಮ ಕೋಣೆಯಿಂದಲೇ ಆರಂಭಿಸಬೇಕು. ಸಿಪಾಯಿಗೆ ಮಾತ್ರ ಹೇಳುವ ಬುದ್ಧಿಮಾತು ನಿಲ್ಲದು.

ಸುಳ್ಳದಂಥ ಊರಿನ ಶಾಲೆಯೂ ಇದಕ್ಕೆ ಹೊರತಲ್ಲ. ನಾಳಿನ ನೌಕರರು ಇಂದು ನಮ್ಮೆದುರಿನ ಬೆಂಚುಗಳ ಮೇಲಿದ್ದಾರೆ. ತರಗತಿಯನ್ನು ಬಿಡುವಾಗ ಗುರುಗಳು ದೀಪವಾರಿಸುವುದನ್ನು ಅವರು ನಿತ್ಯ ಕಾಣಲಿ. ಸಾರ್ವಜನಿಕರ ಹಣವೂ ತಮ್ಮದೇ ಎಂಬ ಅರಿವು ಅಲ್ಲಿಂದಲೇ ಮೂಡಲಿ.