ಬಣ್ಣ ಉಲ್ಲಾಸದ ಗುಳಿಗೆಯಲ್ಲ

ಬಣ್ಣ ಮನಸ್ಸನ್ನು ಅರಳಿಸುತ್ತದೆ ಎಂಬ ಮಾತಿಗೆ ಇಂದು ದೊಡ್ಡ ಮಾರುಕಟ್ಟೆಯಿದೆ. ಕಚೇರಿಗಳ ಮೊಗಸಾಲೆಯಲ್ಲಿ ಹಳದಿ, ಕಿತ್ತಳೆಯ ಅಮೂರ್ತ ಚಿತ್ರಗಳು ತೂಗುತ್ತವೆ. ಆಸ್ಪತ್ರೆಗಳ ಕಾರಿಡಾರುಗಳಲ್ಲಿ ತಿಳಿನೀಲಿಯ ಪಟ್ಟೆಗಳು ಹರಿಯುತ್ತವೆ. ನೀಲಿ ಶಾಂತಿಗೆ, ಹಳದಿ ಉತ್ಸಾಹಕ್ಕೆ, ಹಸಿರು ವಿಶ್ರಾಂತಿಗೆ ಎಂದು ಒಳಾಂಗಣ ವಿನ್ಯಾಸಕಾರರು ವೈದ್ಯರ ಚೀಟಿಯಂತೆ ಬರೆದುಕೊಡುತ್ತಾರೆ. ಅಮೂರ್ತ ಕಲೆಯಲ್ಲಿ ಬಣ್ಣಕ್ಕೆ ಭಾವವನ್ನು ಕಲಕುವ ಶಕ್ತಿಯಿದೆ ಎಂಬುದು ಸುಳ್ಳಲ್ಲ. ಆದರೆ ಆ ಶಕ್ತಿಯನ್ನು ಉಲ್ಲಾಸದ ಗುಳಿಗೆಯಾಗಿ ಅರೆದುಬಿಟ್ಟರೆ ಕಲೆಗೂ ನಷ್ಟ, ನೋಡುವವರಿಗೂ ನಷ್ಟ.

ಈ ನಷ್ಟವನ್ನು ಮೊದಲೇ ಗ್ರಹಿಸಿದ್ದ ಕಲಾವಿದರಲ್ಲಿ ಮಾರ್ಕ್ ರಾಥ್ಕೊ ಪ್ರಮುಖ. 1903ರಲ್ಲಿ ರಷ್ಯಾ ಸಾಮ್ರಾಜ್ಯದ ದ್ವಿನ್ಸ್ಕ್ ಎಂಬ ಊರಿನ (ಇಂದಿನ ಲಾಟ್ವಿಯಾದ ಡೌಗಾವ್‌ಪಿಲ್ಸ್) ಯಹೂದಿ ಕುಟುಂಬದಲ್ಲಿ ಹುಟ್ಟಿದ ಆತ, ಹತ್ತನೆಯ ವಯಸ್ಸಿನಲ್ಲಿ ವಲಸಿಗನಾಗಿ ಅಮೆರಿಕದ ಪೋರ್ಟ್‌ಲ್ಯಾಂಡ್ ಸೇರಿದ. ಮೊದಮೊದಲು ಮನುಷ್ಯರನ್ನೂ ನ್ಯೂಯಾರ್ಕಿನ ಸುರಂಗ ರೈಲಿನ ನಿಲ್ದಾಣಗಳನ್ನೂ ಚಿತ್ರಿಸಿದ. 1950ರ ಹೊತ್ತಿಗೆ ಆಕೃತಿಗಳೆಲ್ಲ ಕರಗಿ, ಅಂಚು ಮಸುಕಾದ ಎರಡು ಮೂರು ಆಯತಗಳಷ್ಟೇ ಉಳಿದವು. ತೆಳುವಾದ ಬಣ್ಣದ ಪದರದ ಮೇಲೆ ಪದರ ಹರಡಿದ್ದರಿಂದ ಕೆಳಗಿನ ಬಣ್ಣ ಮೇಲಿನದರೊಳಗಿಂದ ಉಸಿರಾಡುವಂತೆ ಕಾಣುತ್ತದೆ. ಇಂಥ ಚಿತ್ರಗಳನ್ನು ಮಾಡಿಯೂ ತನ್ನನ್ನು ಬಣ್ಣಗಾರನೆಂದು ಕರೆಯುವುದನ್ನು ಆತ ಒಪ್ಪಲಿಲ್ಲ. ದುರಂತ, ಪರಮಾನಂದ, ವಿನಾಶ ಮುಂತಾದ ಮೂಲಭೂತ ಮಾನವ ಭಾವಗಳೇ ತನ್ನ ವಸ್ತು ಎಂಬುದು ಆತನ ನಿಲುವಾಗಿತ್ತು.

ಆ ನಿಲುವಿಗೆ ಪರೀಕ್ಷೆ ಎದುರಾದದ್ದು 1958ರಲ್ಲಿ. ನ್ಯೂಯಾರ್ಕಿನ ಸೀಗ್ರಮ್ ಕಟ್ಟಡದ ಫೋರ್ ಸೀಸನ್ಸ್ ಎಂಬ ದುಬಾರಿ ರೆಸ್ಟೋರೆಂಟಿಗೆ ಚಿತ್ರಮಾಲೆಯೊಂದನ್ನು ರಚಿಸಲು ಆತನಿಗೆ ಆಹ್ವಾನ ಬಂತು. ಉಣ್ಣುವವರ ಮನಸ್ಸಿಗೆ ಮುದ ನೀಡುವ ಬಣ್ಣಗಳನ್ನು ನಿರೀಕ್ಷಿಸುವ ಜಾಗ ಅದು. ರಾಥ್ಕೊ ಕಂದುಗೆಂಪು, ಗಾಢಗೆಂಪು, ಕಪ್ಪುಗಳನ್ನು ಆರಿಸಿಕೊಂಡ. ಅಲ್ಲಿ ಉಣ್ಣುವ ಸಿರಿವಂತರ ಹಸಿವನ್ನೇ ಕೆಡಿಸಬೇಕೆಂಬುದು ತನ್ನ ಉದ್ದೇಶವೆಂದು ಆತ ಹೇಳಿದ್ದಾಗಿ ಪತ್ರಕರ್ತ ಜಾನ್ ಫಿಶರ್ ಮುಂದೆ ದಾಖಲಿಸಿದ. ಕೊನೆಗೆ ಒಮ್ಮೆ ಅದೇ ರೆಸ್ಟೋರೆಂಟಿನಲ್ಲಿ ಉಂಡು ಬಂದ ರಾಥ್ಕೊ, ಒಪ್ಪಂದದಿಂದ ಹಿಂದೆ ಸರಿದು ಹಣವನ್ನು ಮರಳಿಸಿದ. ಆ ಮಾಲೆಯ ಒಂಬತ್ತು ಚಿತ್ರಗಳನ್ನು ಲಂಡನ್ನಿನ ಟೇಟ್ ಸಂಗ್ರಹಕ್ಕೆ ದಾನ ಮಾಡಿದ. ಅವು ಲಂಡನ್ ತಲುಪಿದ್ದು 1970ರ ಫೆಬ್ರುವರಿ 25ರಂದು. ನ್ಯೂಯಾರ್ಕಿನಲ್ಲಿ ಆತ ತನ್ನ ಬದುಕನ್ನು ಕೊನೆಗೊಳಿಸಿಕೊಂಡದ್ದೂ ಅದೇ ದಿನ.

ಈ ಕಾಕತಾಳೀಯದಿಂದ ಒಂದು ಸುಲಭದ ತೀರ್ಮಾನ ಹುಟ್ಟಿಕೊಂಡಿದೆ: ಕಪ್ಪು ಬಣ್ಣ ಬಂತು, ಬಾಳಿಗೂ ಕತ್ತಲೆ ಬಂತು ಎಂದು. ಸೀಗ್ರಮ್ ಚಿತ್ರಗಳು ಆ ಸಾವಿಗೆ ಹತ್ತು ವರ್ಷ ಮೊದಲಿನವು ಎಂಬುದನ್ನು ಈ ತೀರ್ಮಾನ ಮರೆಯುತ್ತದೆ. 1961ರಲ್ಲಿ ಅದೇ ಕೈ ಕಿತ್ತಳೆ, ಕೆಂಪು, ಹಳದಿಗಳು ಝಗಝಗಿಸುವ ಚಿತ್ರವನ್ನು ರಚಿಸಿತು. 2012ರ ಹರಾಜಿನಲ್ಲಿ ಅದಕ್ಕೆ ಸುಮಾರು 8.69 ಕೋಟಿ ಡಾಲರ್ ಬೆಲೆ ಬಂತು. ಉಜ್ವಲ ಬಣ್ಣವನ್ನು ಸಂತೋಷವೆಂದೂ ಗಾಢ ಬಣ್ಣವನ್ನು ರೋಗವೆಂದೂ ಓದುವ ರೂಢಿ, ಉಲ್ಲಾಸದ ಗುಳಿಗೆಯ ತರ್ಕದ್ದೇ ಇನ್ನೊಂದು ಮುಖ.

ವಿಜ್ಞಾನದ ಹೆಸರಿನಲ್ಲೂ ಈ ತರ್ಕ ಓಡಾಡಿದೆ. 1979ರಲ್ಲಿ ಅಮೆರಿಕದ ಸಿಯಾಟಲ್ ನಗರದ ನೌಕಾಪಡೆಯ ಬಂದೀಖಾನೆಯೊಂದರ ಕೋಣೆಗೆ ಗುಲಾಬಿ ಬಣ್ಣ ಬಳಿಯಲಾಯಿತು. ಅದನ್ನು ನೋಡುತ್ತ ಕುಳಿತ ಕೈದಿಗಳ ಆಕ್ರಮಣಶೀಲತೆ ತಗ್ಗುತ್ತದೆ ಎಂಬ ಪ್ರಚಾರ ನಡೆಯಿತು. ಅನೇಕ ಕಾರಾಗೃಹಗಳು ಅದನ್ನು ಅನುಕರಿಸಿದವು. 2015ರಲ್ಲಿ ಪ್ರಕಟವಾದ, ಸ್ವಿಟ್ಜರ್ಲೆಂಡಿನ ಕಾರಾಗೃಹದಲ್ಲಿ ನಡೆದ ನಿಯಂತ್ರಿತ ಅಧ್ಯಯನದಲ್ಲಿ ಅಂಥ ಪರಿಣಾಮವೇನೂ ಕಂಡುಬರಲಿಲ್ಲ. ಕೈದಿಯ ಸಿಟ್ಟಿಗೆ ಕಾರಣವೇನೆಂದು ಕೇಳುವುದಕ್ಕಿಂತ ಗೋಡೆಗೆ ಬಣ್ಣ ಬಳಿಯುವುದು ಅಗ್ಗ. ಕೆಲಸದ ಗಂಟೆಗಳನ್ನು ಕಡಿಮೆ ಮಾಡದೆ ಮೊಗಸಾಲೆಗೆ ಉತ್ಸಾಹದ ಹಳದಿ ತರಿಸುವ ಕಂಪನಿಯ ಲೆಕ್ಕಾಚಾರವೂ ಇದರಿಂದ ಬಹಳ ದೂರವಿಲ್ಲ.

ಬಣ್ಣ ಮತ್ತು ಭಾವದ ಸಂಬಂಧ ಎಲ್ಲೆಡೆ ಒಂದೇ ಬಗೆಯದೂ ಅಲ್ಲ. ಭರತನ ನಾಟ್ಯಶಾಸ್ತ್ರ ಶೃಂಗಾರಕ್ಕೆ ಶ್ಯಾಮವರ್ಣವನ್ನು ಹೇಳುತ್ತದೆ, ಹಾಸ್ಯಕ್ಕೆ ಬಿಳಿಯನ್ನು, ಕರುಣಕ್ಕೆ ಪಾರಿವಾಳದ ಬೂದುಬಣ್ಣವನ್ನು. ಬಿಳಿಯನ್ನು ವೈಧವ್ಯಕ್ಕೆ ಕಟ್ಟಿಹಾಕಿದ್ದೂ ಇದೇ ನೆಲದ ಸಮಾಜ. ಹೀಗಿರುವಾಗ ಒಂದು ಬಣ್ಣಕ್ಕೆ ಒಂದೇ ಫಲ ಹೇಳುವ ಪಟ್ಟಿಗಳಿಗೆ ಯಾವ ಆಧಾರ? ರಸಸಿದ್ಧಾಂತದಲ್ಲಿ ಇದಕ್ಕಿಂತ ಮುಖ್ಯವಾದ ಇನ್ನೊಂದು ತಿಳಿವಿದೆ: ಶೋಕವೂ ರಸವಾಗಬಲ್ಲದು. ರಂಗದ ಮುಂದೆ ಕಣ್ಣೀರಿಟ್ಟ ಪ್ರೇಕ್ಷಕ ಕುಗ್ಗಿ ಮನೆಗೆ ಹೋಗುವುದಿಲ್ಲ, ಹಗುರಾಗಿ ಹೋಗುತ್ತಾನೆ. ಅಮೂರ್ತ ಚಿತ್ರದ ಬಣ್ಣ ಮನಸ್ಸನ್ನು ಎತ್ತುತ್ತದೆ ಎನ್ನುವುದಾದರೆ, ಎತ್ತುವ ಬಗೆ ಇಂಥದು.

ಹ್ಯೂಸ್ಟನ್ ನಗರದ ರಾಥ್ಕೊ ಪ್ರಾರ್ಥನಾಮಂದಿರ ಇದಕ್ಕೆ ಸಾಕ್ಷಿ. ಜಾನ್ ಮತ್ತು ಡೊಮಿನಿಕ್ ಡಿ ಮೆನಿಲ್ ದಂಪತಿ ಕಟ್ಟಿಸಿದ, 1971ರಲ್ಲಿ ತೆರೆದ ಈ ಎಂಟುಕೋನದ ಮಂದಿರದಲ್ಲಿ ಹದಿನಾಲ್ಕು ಚಿತ್ರಗಳಿವೆ. ಎಲ್ಲವೂ ಕಪ್ಪಿನತ್ತ ವಾಲಿದ ನೇರಳೆ, ಕಂದುಗೆಂಪು, ಕಪ್ಪು. ಮೊದಲ ನೋಟಕ್ಕೆ ಏನೂ ಇಲ್ಲವೆನಿಸುತ್ತದೆ. ಕಣ್ಣು ಆ ಮಂದ ಬೆಳಕಿಗೆ ಒಗ್ಗಿದಂತೆ ಕಪ್ಪಿನೊಳಗಿನ ನೇರಳೆ ಮೆಲ್ಲಗೆ ಮೇಲೇಳುತ್ತದೆ. ಹೊರಗೆ ಮೋಡ ಸರಿದರೆ ಒಳಗಿನ ಬಣ್ಣವೂ ಬದಲಾಗುತ್ತದೆ. ಅಲ್ಲಿ ಕುಳಿತು ಅತ್ತವರು ಅನೇಕರು. ಹೊರಗಿನ ಕೊಳದಲ್ಲಿ ಬಾರ್ನೆಟ್ ನ್ಯೂಮನ್‌ನ ‘ಮುರಿದ ಸ್ತಂಭ’ ಶಿಲ್ಪ ನಿಂತಿದೆ. ಅದನ್ನು ಕೊಳ್ಳಲು ನಗರಾಡಳಿತಕ್ಕೆ ನೆರವಾಗುತ್ತೇವೆಂದು ಮೆನಿಲ್ ದಂಪತಿ ಮುಂದೆ ಬಂದಿದ್ದರು. ಅದನ್ನು ಮಾರ್ಟಿನ್ ಲೂಥರ್ ಕಿಂಗ್ ಸ್ಮರಣೆಗೆ ಅರ್ಪಿಸಬೇಕೆಂಬ ಷರತ್ತಿಗೆ ಆಡಳಿತ ಒಪ್ಪಲಿಲ್ಲ. ದಂಪತಿ ತಾವೇ ಕೊಂಡು ಮಂದಿರದ ಮುಂದೆ ನಿಲ್ಲಿಸಿದರು. ಒಳಗಿನ ಮೌನದ ಬಣ್ಣಕ್ಕೂ ಹೊರಗಿನ ಆ ಸ್ಮರಣೆಗೂ ಸಂಬಂಧವಿದೆ. ಕೊಲೆಯಾದವನಿಗಾಗಿ ಮರುಗಲೂ ಸಮಾಜಕ್ಕೊಂದು ಜಾಗ ಬೇಕು. ಮನಸ್ಸನ್ನು ಬೇಗ ಉಲ್ಲಾಸಕ್ಕೆ ತಿರುಗಿಸುವ ಬಣ್ಣ ಆ ಜಾಗವನ್ನು ಕಸಿದುಕೊಳ್ಳುತ್ತದೆ.

ಹಗಲಿರುಳು ದುಡಿದ ದಾದಿಯೊಬ್ಬಳಿಗೆ ಆಸ್ಪತ್ರೆಯ ಗೋಡೆಯ ಹಳದಿ ಕ್ಷಣಕಾಲ ಹಿತವೆನಿಸಿದರೆ ತಪ್ಪೇನು ಎಂದು ಕೇಳಬಹುದು. ತಪ್ಪೇನೂ ಇಲ್ಲ, ಆ ಹಿತವನ್ನು ಅಲ್ಲಗಳೆಯುವುದು ಅಹಂಕಾರವಾದೀತು. ಆದರೆ ಅವಳಿಗೆ ಅಷ್ಟೇ ಸಾಕೆಂದು ಇತರರು ತೀರ್ಮಾನಿಸುವುದೂ ಅಹಂಕಾರವೇ. ದಣಿವು, ಸಿಟ್ಟು, ಅಗಲಿಕೆಯ ನೋವುಗಳೊಡನೆ ಒಂದು ದೊಡ್ಡ ಚಿತ್ರದ ಮುಂದೆ ಕುಳಿತುಕೊಳ್ಳುವ ಹಕ್ಕು ಅವಳಿಗೂ ಇದೆ. ಟೇಟ್‌ನ ಸ್ಥಾಯಿ ಸಂಗ್ರಹಕ್ಕೂ ಹ್ಯೂಸ್ಟನ್ನಿನ ಮಂದಿರಕ್ಕೂ ಪ್ರವೇಶಶುಲ್ಕವಿಲ್ಲ. ಸಿರಿವಂತರ ಊಟದ ಕೋಣೆಗೆಂದು ಹುಟ್ಟಿದ ಚಿತ್ರಗಳನ್ನು ಇಂದು ಯಾರೂ ಬಿಡಿಗಾಸು ಕೊಡದೆ ನೋಡಬಹುದು. ಇನ್ನು ಅವಳಿಗೆ ಬೇಕಾದದ್ದು ಅವುಗಳೆದುರು ಕುಳಿತುಕೊಳ್ಳಲು ಒಂದು ಬಿಡುವಿನ ಮಧ್ಯಾಹ್ನ. ಅದನ್ನು ಕೊಡಬೇಕಾದವರು ಬಣ್ಣದ ಡಬ್ಬಿಯನ್ನು ಕೊಟ್ಟು ಕೈತೊಳೆದುಕೊಳ್ಳಬಾರದು.