ಸಮುದ್ರ ಯಾರ ಮನೆಯ ಹಿತ್ತಿಲು?

ಮಾಗಿಯ ಚಳಿ ಬಿದ್ದಿತೆಂದರೆ ಉಳ್ಳವರ ಮನೆಯ ನವದಂಪತಿಗಳಿಗೆ ಕಡಲ ತೀರದ ನೆನಪಾಗುತ್ತದೆ. ಗೋವಾ, ಅಂಡಮಾನ್, ಮಾಲ್ದೀವ್ಸ್! 2024ರ ಜನವರಿಯಲ್ಲಿ ಪ್ರಧಾನಿಗಳು ಲಕ್ಷದ್ವೀಪದ ಮರಳಿನಲ್ಲಿ ಕುಳಿತ ಚಿತ್ರ ಪ್ರಕಟವಾಯಿತು. ಮಾಲ್ದೀವ್ಸಿನ ಮೂವರು ಉಪಮಂತ್ರಿಗಳು ಹಗುರವಾಗಿ ಮಾತನಾಡಿ ಅಮಾನತಾದರು. ಯಾವ ದ್ವೀಪದಲ್ಲಿ ಮೈ ಕಾಯಿಸಿಕೊಳ್ಳುವುದು ದೇಶಭಕ್ತಿಯೆಂಬ ಬಗ್ಗೆ ಭಾರೀ ಗದ್ದಲವೆದ್ದಿತು. ಆ ಗದ್ದಲದಲ್ಲಿ ನಮ್ಮ ಕಿವಿಗೆ ಬೀಳದ ಪ್ರಶ್ನೆ ಒಂದೇ: ಈ ದೇಶದಲ್ಲಿ ಮದುವೆಯಾದ ಎಷ್ಟು ಜನಕ್ಕೆ ಒಂದು ವಾರ ಕೈಕಟ್ಟಿ ಕೂರುವ ಭಾಗ್ಯವಿದೆ?

ಜಯಪುರದ ಪೇಟೆಯಲ್ಲಿ ನಿಂತು ನೋಡಿ. ಪಟ್ಟಣದವರಿಗೆ ಚಳಿಗಾಲ ವಿಹಾರದ ಕಾಲ. ಕೊಪ್ಪ, ಶೃಂಗೇರಿ ಸೀಮೆಗೆ ಅದು ಅಡಿಕೆ ಕೊನೆ ಇಳಿಸುವ, ಕಾಫಿ ಹಣ್ಣು ಕುಯ್ಯುವ ಕಾಲ. ಬೆಂಗಳೂರಿನ ಹೊಸ ಜೋಡಿ ಕಾರಿನಲ್ಲಿ ಬಂದು ಹೋಂಸ್ಟೇಯಲ್ಲಿ ಇಳಿಯುತ್ತದೆ. ಅವರಿಗೆ ಬಿಸಿನೀರು ಕಾಯಿಸಿ ಅಕ್ಕಿರೊಟ್ಟಿ ತಟ್ಟಿಕೊಡುವ ಹುಡುಗಿಗೂ ಮದುವೆಯ ಅರಿಶಿನ ಆರಿರುವುದಿಲ್ಲ. ಅವಳ ಗಂಡ ಬೆಳಗಿನ ಮಂಜಿನಲ್ಲೇ ತೋಟ ಸೇರಿರುತ್ತಾನೆ. ರಾತ್ರಿ ಇಬ್ಬರೂ ಅಡಿಕೆ ಸುಲಿಯಲು ಕೂರುತ್ತಾರೆ. ಅವರ ಮಧುಚಂದ್ರ ಮೆಟ್ಟುಗತ್ತಿಯ ಮುಂದೆ! ಆಗುಂಬೆ ಘಾಟಿ ಇಳಿದರೆ ಮಲ್ಪೆಯ ಕಡಲು ಅರ್ಧ ದಿನದ ಹಾದಿ. ಆದರೂ ಅದನ್ನು ಕಾಣದೆ ಮುದುಕರಾದವರು ನಮ್ಮ ಕೂಲಿ ಲೈನುಗಳಲ್ಲಿದ್ದಾರೆ.

"ಬಡವನಿಗೆ ಊಟ ಮೊದಲು, ವಿಹಾರ ಆಮೇಲೆ" ಎಂದು ಮಾಲಿಕರು ಬುದ್ಧಿ ಹೇಳುತ್ತಾರೆ. ನಮ್ಮ ಕೆಲವು ಗೆಳೆಯರೂ ಇದಕ್ಕೆ ತಲೆದೂಗಿ, ಮಧುಚಂದ್ರವೆಂಬುದೇ ಶ್ರೀಮಂತರ ಶೋಕಿ ಎನ್ನುತ್ತಾರೆ. ನಾವು ಇದನ್ನು ಒಪ್ಪುವುದಿಲ್ಲ. ಗಂಡಹೆಂಡಿರು ನಾಲ್ಕು ದಿನ ನಿಶ್ಚಿಂತೆಯಿಂದ ಮಾತನಾಡಿಕೊಂಡಿರುವುದು ಶೋಕಿಯಲ್ಲ. ಅದನ್ನು ಹಣವುಳ್ಳವರ ಸೊತ್ತಾಗಿ ಮಾಡಿರುವುದೇ ಅನ್ಯಾಯ.

ಡಾ. ರಾಮಮನೋಹರ ಲೋಹಿಯಾ 1946ರಲ್ಲಿ ಗೋವಾಕ್ಕೆ ಹೋದದ್ದೂ ವಿಶ್ರಾಂತಿಗಾಗಿಯೇ. ಸೆರೆಮನೆಯಲ್ಲಿ ಆರೋಗ್ಯ ಕೆಟ್ಟಿತ್ತು. ಅಸ್ಸೋಳ್ಣೆಯಲ್ಲಿ ಮಿತ್ರ ಡಾ. ಜುಲಿಯಾವ್ ಮಿನೇಜಿಸರ ಮನೆಯಲ್ಲಿ ಇಳಿದುಕೊಂಡರು. ಅಲ್ಲಿನ ಜನಕ್ಕೆ ಬಾಯಿಬಿಟ್ಟು ಮಾತನಾಡುವ ಸ್ವಾತಂತ್ರ್ಯವೂ ಇಲ್ಲವೆಂದು ಕಂಡು, ಜೂನ್ 18ರಂದು ಮಡಗಾಂವಿಯಲ್ಲಿ ಸತ್ಯಾಗ್ರಹಕ್ಕೆ ನಿಂತು ಬಂಧಿತರಾದರು. 1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾಯಿತು. ಇಂದು ಜೋಡಿಗಳು ವಿಹರಿಸುವ ತೀರ ಹೋರಾಟದಿಂದ ಬಿಡುಗಡೆಯಾದ ತೀರ. ಅದು ಹೋಟೆಲು ಕಂಪೆನಿಗಳ ಹಿತ್ತಿಲಾಗಬೇಕೆಂದು ಯಾರೂ ಸೆರೆಮನೆಗೆ ಹೋಗಲಿಲ್ಲ.

ರಜೆಯೂ ಯಾರೋ ದಯಪಾಲಿಸಿದ ಭಿಕ್ಷೆಯಲ್ಲ. 1936ರಲ್ಲಿ ಫ್ರಾನ್ಸಿನ ಕಾರ್ಮಿಕರು ಕಾರ್ಖಾನೆಗಳೊಳಗೇ ಕುಳಿತು ಮುಷ್ಕರ ಹೂಡಿದರು. ಲಿಯಾನ್ ಬ್ಲೂಮರ ಸರಕಾರ ಸಂಬಳಸಹಿತ ಎರಡು ವಾರದ ರಜೆಯ ಶಾಸನ ತಂದಿತು. ರೈಲು ದರದಲ್ಲಿ ರಿಯಾಯಿತಿಯೂ ದೊರೆತು, ಅನೇಕ ಕೂಲಿಕಾರರು ತಮ್ಮ ಜನ್ಮದಲ್ಲಿ ಮೊದಲ ಸಲ ಸಮುದ್ರ ಕಂಡರು.

ನಮ್ಮಲ್ಲಿ? 1948ರ ಕಾರ್ಖಾನೆ ಕಾಯಿದೆಯ ಪ್ರಕಾರ ವರ್ಷಕ್ಕೆ 240 ದಿನ ದುಡಿದವನಿಗೆ, ಇಪ್ಪತ್ತು ದಿನದ ದುಡಿಮೆಗೆ ಒಂದು ದಿನ ಸಂಬಳದ ರಜೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆ 240ನ್ನು 180ಕ್ಕೆ ಇಳಿಸಿದೆ. ಒಳ್ಳೆಯದೇ. 300 ದಿನ ದುಡಿದ ಕಾಯಂ ನೌಕರನಿಗೆ ಹದಿನೈದು ದಿನ ದೊರೆಯಬೇಕು. ಆದರೆ ಕುಯ್ಲಿನ ಕೂಲಿಯವಳ ಲೆಕ್ಕ ಹಾಕಿ. ನಾಲ್ಕು ತಿಂಗಳು, ತಿಂಗಳಿಗೆ 26 ದಿನ; ಒಟ್ಟು 104. ಆಮೇಲೆ ಇನ್ನೊಂದು ತೋಟ, ಇನ್ನೊಬ್ಬ ಮೇಸ್ತ್ರಿ. ವರ್ಷವಿಡೀ ಬೆವರು ಸುರಿಸಿದರೂ ಯಾವ ಧಣಿಯ ಪುಸ್ತಕದಲ್ಲೂ ಅವಳ 180 ತುಂಬುವುದಿಲ್ಲ. ಗುತ್ತಿಗೆಯಲ್ಲಿ ಗಿರಣಿಯಿಂದ ಗಿರಣಿಗೆ ಅಲೆಯುವವನ ಪಾಡೂ ಇದೇ.

ಅಂಗಡಿಯ ಬಂಧುಗಳು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಭಾವಿಸಬಾರದು. ನೀವು ಬಾಗಿಲು ಹಾಕಿದ ದಿನ ನಿಮಗೆ ಗಳಿಕೆಯಿಲ್ಲ. ಬಾಡಿಗೆ, ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಮಾಲ್ದೀವ್ಸಿಗೆ ಹಾರುವ ಸಾಹುಕಾರನ ದುಡ್ಡಿನಲ್ಲಿ ಜಯಪುರದ ಜವಳಿ ಅಂಗಡಿಗೆ ಎಷ್ಟು ಬರುತ್ತದೆ? ಕೂಲಿಯವನ ಕೈಯಲ್ಲಿ ರಜೆಯೂ ಕಾಸೂ ಇದ್ದರೆ ಅವನು ಸೀರೆ, ಚೀಲ, ಚಪ್ಪಲಿ ಕೊಳ್ಳುವುದು ನಿಮ್ಮಲ್ಲಿಯೇ.

ಆದುದರಿಂದ ನಾವು ಒತ್ತಾಯಿಸುತ್ತೇವೆ: ಬೇರೆ ಬೇರೆ ಧಣಿಗಳಲ್ಲಿ ದುಡಿದ ದಿನಗಳನ್ನು ಇ-ಶ್ರಮ ಕಾರ್ಡಿನಲ್ಲಿ ಒಟ್ಟುಗೂಡಿಸಿ, ಎಲ್ಲ ಧಣಿಗಳಿಂದ ರಜೆಯ ಸಂಬಳ ವಸೂಲು ಮಾಡಬೇಕು. ಮದುವೆಯಾದ ಪ್ರತಿ ಶ್ರಮಜೀವಿಗೆ ಒಂದು ವಾರ ಸಂಬಳದ ರಜೆ ಸಿಗಬೇಕು. ಕಾರ್ಮಿಕ ಕಲ್ಯಾಣ ಮಂಡಳಿ ಮಲ್ಪೆ, ಕಾರವಾರಗಳಲ್ಲಿ ಅಗ್ಗದ ವಿಶ್ರಾಂತಿಗೃಹ ಕಟ್ಟಿ, ಸಣ್ಣ ವ್ಯಾಪಾರಿಗಳಿಗೂ ಬಾಗಿಲು ತೆರೆಯಬೇಕು. ಬಲೆ ಒಣಗಿಸುವ ಬೆಸ್ತರ ಮರಳಿಗೆ ಯಾವ ರೆಸಾರ್ಟೂ ಬೇಲಿ ಹಾಕಕೂಡದು.

2020ರಲ್ಲಿ ಬೈಂದೂರಿನ ಹೊಸ ಜೋಡಿಯೊಂದು ಮಧುಚಂದ್ರವನ್ನು ಮುಂದೂಡಿ ಸೋಮೇಶ್ವರ ಕಡಲತೀರದ ಕಸ ಬಳಿಯಿತು. ಪ್ರಧಾನಿಗಳು ಬಾನುಲಿಯಲ್ಲಿ ಹೊಗಳಿದರು, ನಾವೂ ಹೊಗಳುತ್ತೇವೆ. ಆದರೆ ಕೂಲಿಯ ಜೋಡಿಗಳು ತಲೆಮಾರುಗಳಿಂದ ಮಧುಚಂದ್ರ ಮುಂದೂಡಿಕೊಂಡೇ ಬಂದಿವೆ. ಇನ್ನು ಮುಂದೂಡಲಾಗದು. ನಿಮ್ಮ ಸಂಘದ ಬೇಡಿಕೆ ಪಟ್ಟಿಯಲ್ಲಿ ಕೂಲಿಯ ಕೆಳಗೆ ರಜೆಯನ್ನೂ ಬರೆಯಿರಿ.